ಬಿಸ್ಕತ್ತಿನೊಳಗೆ ಅಡಗಿದ್ದ ಎಳ್ಳು

ಮಂಗಳೂರಿನಲ್ಲಿ ಕ್ರಿಸ್‌ಮಸ್ ಬಂತೆಂದರೆ ಕುಸ್ವಾರಿನ ತಟ್ಟೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ನಮ್ಮ ಕ್ಲಿನಿಕ್ಕಿನ ಬೀದಿಯ ನಿವೃತ್ತ ಕ್ರೈಸ್ತ ಶಿಕ್ಷಕಿಯೊಬ್ಬರೂ ಪಕ್ಕದ ಮನೆಯ ಗುಜರಾತಿ ಅಜ್ಜಿಯೂ ಬಹುಕಾಲದ ಗೆಳತಿಯರು. ಇವರ ನೆವ್ರ್ಯೊ ಅವರಿಗೆ, ಅವರ ನಾನ್‌ಖಟಾಯಿ ಇವರಿಗೆ. ಒಂದು ವರ್ಷ ಇಬ್ಬರೂ ಸೇರಿ ಹೊಸ ಪ್ರಯೋಗ ಮಾಡಿದರು. ಮೈದಾ, ಕಡಲೆಹಿಟ್ಟು, ತುಪ್ಪ, ಸಕ್ಕರೆಪುಡಿ ಕಲಸಿದ ನಾನ್‌ಖಟಾಯಿ ಉಂಡೆಯೊಳಗೆ ನೆವ್ರ್ಯೊದ ಹೂರಣ, ಅಂದರೆ ತೆಂಗಿನ ತುರಿ, ಹುರಿದ ಎಳ್ಳು, ಏಲಕ್ಕಿ ತುಂಬಿ, ಮೇಲೊಂದು ಚಿಟಿಕೆ ಕಾಳುಮೆಣಸಿನ ಪುಡಿ ಸೇರಿಸಿ ಓವನ್ನಿನಲ್ಲಿಟ್ಟರು. ನಾನೂ ತಿಂದಿದ್ದೇನೆ, ಬಹಳ ರುಚಿ. ನೋಡಲು ಬರೀ ನಾನ್‌ಖಟಾಯಿ. ಕಚ್ಚಿದಾಗಲೇ ಗುಟ್ಟು ತಿಳಿಯುವುದು.

ಆ ಗುಟ್ಟೇ ಒಂದು ಸಂಜೆ ಗಾಬರಿ ಹುಟ್ಟಿಸಿತು. ರಜೆಗೆ ಬಂದಿದ್ದ ಅಜ್ಜಿಯ ಐದು ವರ್ಷದ ಮೊಮ್ಮಗ ಎರಡು ಬಿಸ್ಕತ್ತು ತಿಂದು ಹತ್ತು ನಿಮಿಷವಾಗಿರಲಿಲ್ಲ. ಮೈಯೆಲ್ಲ ಪಿತ್ತದ ಗಂಧೆ, ಊದಿದ ತುಟಿ, ವಾಂತಿ. ನನ್ನಲ್ಲಿಗೆ ಎತ್ತಿಕೊಂಡು ಬರುವಷ್ಟರಲ್ಲಿ ಉಸಿರಾಟವೂ ಸುಯ್‌ಗುಟ್ಟುತ್ತಿತ್ತು. ತಕ್ಷಣ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚಿ ಆಸ್ಪತ್ರೆಗೆ ಕಳಿಸಿದೆ. ಇಳಿದಂತೆ ಕಂಡ ತೊಂದರೆ ಕೆಲವು ಗಂಟೆಗಳ ನಂತರ ಮರುಕಳಿಸುವುದುಂಟು. ಅದಕ್ಕಾಗಿ ನಿಗಾದಲ್ಲಿ ಇಡಬೇಕು.

ಮಗು ಚೇತರಿಸಿಕೊಂಡ ಮೇಲೆ ತಾಯಿಯನ್ನು ಕೇಳಿದೆ: "ಮೊದಲೊಮ್ಮೆ ಹೀಗಾಗಿತ್ತೇ?" ಉತ್ತರಾಯಣದ ಹಬ್ಬದಲ್ಲಿ ಎಳ್ಳಿನ ಚಿಕ್ಕಿ ತಿಂದಾಗ ಬಾಯಿ ಸುತ್ತ ಗಂಧೆ ಎದ್ದಿತ್ತಂತೆ. "ಬೆಲ್ಲದ ಉಷ್ಣ ಅಂದುಕೊಂಡೆವು ಡಾಕ್ಟ್ರೇ" ಎಂದರು. ಈ 'ಉಷ್ಣ' ಎಂಬ ಮಾತು ನಮ್ಮಲ್ಲಿ ಎಷ್ಟೋ ಅಲರ್ಜಿಗಳನ್ನು ಮುಚ್ಚಿಹಾಕಿದೆ. ಒಂದೇ ಪದಾರ್ಥ ತಿಂದ ಸ್ವಲ್ಪ ಹೊತ್ತಿನಲ್ಲೇ ಗಂಧೆ ಎದ್ದರೆ ವೈದ್ಯರಿಗೆ ತಿಳಿಸಿ. ಮುಂದಿನ ಸಲವೂ ಅಷ್ಟಕ್ಕೇ ನಿಲ್ಲುತ್ತದೆಂಬ ಭರವಸೆಯಿಲ್ಲ.

ಹುರಿದರೆ, ಬೇಯಿಸಿದರೆ ದೋಷ ಹೋಗುತ್ತದೆಂದು ಕೆಲವರ ನಂಬಿಕೆ. ಎಳ್ಳು, ನೆಲಗಡಲೆ, ಗೇರುಬೀಜದ ವಿಷಯದಲ್ಲಿ ಓವನ್ನಿನ ಬಿಸಿಯನ್ನು ನಂಬುವಂತಿಲ್ಲ. ಒಗ್ಗದವರಿಗೆ ಒಂದು ಚೂರೂ ಸಾಕಾಗಬಹುದು. ಉಸಿರು ಕಟ್ಟಿದರೆ, ಧ್ವನಿ ಬದಲಾದರೆ, ಮಗು ಸುಸ್ತಾಗಿ ಕುಸಿದರೆ ಮನೆಯಲ್ಲಿರುವ ತುರಿಕೆಯ ಮಾತ್ರೆ ನುಂಗಿಸಿ ಕಾಯಬೇಡಿ. 108ಕ್ಕೆ ಕರೆಮಾಡಿ. ಸುಸ್ತಾದ ಮಗುವನ್ನು ಮಲಗಿಸಿ ಕಾಲನ್ನು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕೂರಿಸಿ, ಆದರೆ ಎದ್ದು ನಡೆಸಬೇಡಿ.

(ನಾನ್‌ಖಟಾಯಿಗೆ ತುಪ್ಪವೋ ವನಸ್ಪತಿಯೋ ಎಂಬ ಚರ್ಚೆ ಇನ್ನೊಂದು ವಾರಕ್ಕಿರಲಿ. ಸಕ್ಕರೆ ಬದಲು ಬೆಲ್ಲ ಹಾಕಿದ್ದೇವೆಂದು ಮಧುಮೇಹಿಗಳಿಗೆ ಧಾರಾಳವಾಗಿ ಕೊಡುವವರಿಗೆ ಮಾತ್ರ ಈಗಲೇ ಹೇಳುತ್ತೇನೆ: ರಕ್ತದ ಸಕ್ಕರೆ ಅದರಿಂದಲೂ ಏರುತ್ತದೆ.)

ಶಿಕ್ಷಕಿ ಬಹಳ ನೊಂದುಕೊಂಡರು. ಆ ವರ್ಷ ಬಿಸ್ಕತ್ತೇ ಬೇಡವೆಂದರಂತೆ. ಅಜ್ಜಿ ಬಿಡಲಿಲ್ಲ. ಈಗ ಎಳ್ಳಿನ ಬದಲು ಸೋಂಪು ಹಾಕುತ್ತಾರೆ. ಡಬ್ಬಿಯ ಮುಚ್ಚಳಕ್ಕೆ ಒಳಗೇನಿದೆ ಎಂಬ ಚೀಟಿ ಅಂಟಿಸಿರುತ್ತದೆ, ಕನ್ನಡದಲ್ಲೊಂದು, ಗುಜರಾತಿಯಲ್ಲೊಂದು. ಕಳೆದ ಸಲ ಅಜ್ಜಿ ಕೇಳಿದರು: "ಎಳ್ಳು ಹುರಿಯುವ ಬಾಣಲೆಯಲ್ಲೇ ಸೋಂಪು ಹುರಿಯಬಹುದೇ?" ಬೇಡ, ಅದಕ್ಕೆ ಬೇರೆಯದೇ ಇಡಿ ಎಂದೆ.