ಕೋಳಿ ತಿಂದ ರಂಜಕ ತಿಪ್ಪೆ ಪಾಲು!

ತಾಂಡ್ಯ: ಮೂವತ್ತು ಮೊಟ್ಟೆಯ ಟ್ರೇ ಇಳಿಸಿಕೊಂಡ ಅಂಗಡಿಯವರು ಮೊದಲು ನೋಡುವುದು ಲೆಕ್ಕವನ್ನಲ್ಲ, ಬಿರುಕನ್ನು. ಎರಡು ಒಡೆದರೆ ಆ ಟ್ರೇಯ ಲಾಭಕ್ಕೆ ಕತ್ತರಿ ಬಿತ್ತೆಂದೇ ಲೆಕ್ಕ. ‘ಏನಣ್ಣಾ, ಈರುಳ್ಳಿ ಸಿಪ್ಪೆ ಆಗೋಯ್ತಲ್ಲ’ ಎಂದು ಗೊಣಗಿದರೆ ಮೊಟ್ಟೆ ಗಾಡಿಯವನು, ‘ನಾನೇನ್ ಮಾಡ್ಲಿ, ಕೋಳೀನ ಕೇಳಿ’ ಅಂದು ಹೊರಟುಬಿಡುತ್ತಾನೆ.

ಕೋಳಿಯನ್ನೇ ಕೇಳಬೇಕಾದ ಮಾತದು. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅದನ್ನು ಮೂಳೆಯಲ್ಲಿ ಕೂಡಿಡಲು ರಂಜಕ, ಅಂದರೆ ಫಾಸ್ಪರಸ್ ಬೇಕು. ಮೊಟ್ಟೆಕೋಳಿ ದಿನಕ್ಕೆ ತಿನ್ನುವ ಸುಮಾರು 110 ಗ್ರಾಂ ಮೇವಿನಲ್ಲಿ ಮುಸುಕಿನ ಜೋಳ, ಸೋಯಾ ಹಿಂಡಿ, ಎಣ್ಣೆ ತೆಗೆದ ಅಕ್ಕಿತೌಡು ಇರುತ್ತದೆ. ರಂಜಕಕ್ಕೇನೂ ಬರವಿಲ್ಲ. ಆದರೆ ಅದರಲ್ಲಿ ಮೂರರಲ್ಲಿ ಎರಡು ಪಾಲು, ತೌಡಿನಲ್ಲಿ ಇನ್ನೂ ಹೆಚ್ಚು, ಫೈಟೇಟ್ ಎಂಬ ಗಂಟಿನೊಳಗೆ ಬೀಗ ಹಾಕಿಕೊಂಡು ಕೂತಿದೆ. ಕೀಲಿ ಕೋಳಿಯ ಹೊಟ್ಟೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಿಂದದ್ದು ಹಿಕ್ಕೆಯಾಗಿ ತಿಪ್ಪೆಗೆ! ಸಾಕುವವನು ಮತ್ತೆ ಡಿಸಿಪಿ ಚೀಲ ತಂದು ಸುರಿಯಬೇಕು. ಒಂದೇ ಸರಕಿಗೆ ಎರಡು ಸಲ ಕಾಸು.

ಚಿಟಿಕೆ ಪುಡಿ

ಆ ಕೀಲಿಯೇ ಫೈಟೇಸ್ ಕಿಣ್ವ. ಬೂಷ್ಟು, ಬ್ಯಾಕ್ಟೀರಿಯಾಗಳಿಂದ ಹುದುಗು ಬರಿಸಿ ತೆಗೆದದ್ದು. ಮಾರಾಟಕ್ಕೆ ಬಂದದ್ದು 1991ರಲ್ಲಿ, ಹಾಲೆಂಡಿನಲ್ಲಿ. ಹಂದಿ, ಕೋಳಿಗೊಬ್ಬರದ ರಂಜಕ ಹಳ್ಳಕೊಳ್ಳ ಸೇರಿ ನೀರು ಕೆಟ್ಟಾಗ ಅಲ್ಲಿನ ಸರ್ಕಾರ ಕಡಿವಾಣ ಹಾಕಿತ್ತು. ಕಪಿಲೆಯ ದಂಡೆಯವರೂ ನೆನಪಿಡಬೇಕಾದ ಸಂಗತಿ.

ಇಲ್ಲಿ ಮಾತ್ರ ಚಿಂತೆ ಖರ್ಚಿನದು. ಕೋಳಿ ಸಾಕಣೆಯ ನೂರು ರೂಪಾಯಿ ಖರ್ಚಿನಲ್ಲಿ 65ರಿಂದ 70 ಮೇವಿಗೇ ಹೋಗುತ್ತದೆ. ಮೊಟ್ಟೆಯ ದರ ಎನ್‌ಇಸಿಸಿ ಪ್ರಕಟಿಸಿದಂತೆ. ಸಾಕುವವನ ಕೈಯಲ್ಲಿರುವುದು ಖರ್ಚು ಮಾತ್ರ. ಗ್ರಾಮಿಗೆ 5000 ಯೂನಿಟ್‌ನ ಪುಡಿಯಾದರೆ ಟನ್ ಮೇವಿಗೆ 100 ಗ್ರಾಂ, ಅಂದರೆ ಕೆಜಿಗೆ 500 ಯೂನಿಟ್. ಅಷ್ಟಕ್ಕೆ ಡಿಸಿಪಿಯಲ್ಲಿ ಒಳ್ಳೆ ಪಾಲು ಉಳಿಯುತ್ತದೆ.

ಎಡವುವುದು ಇಲ್ಲೇ. ಪುಡಿಯನ್ನೂ ಹಾಕಿ, ಡಿಸಿಪಿಯನ್ನೂ ಇಳಿಸದೆ ಬಿಟ್ಟರೆ ಪುಡಿಯ ದುಡ್ಡೂ ತಿಪ್ಪೆಗೆ. 100 ಗ್ರಾಮನ್ನು ಟನ್ನಿಗೆ ನೇರವಾಗಿ ಎರಚಿದರೆ ಒಂದು ಕೋಳಿಗೆ ಹಬ್ಬ, ಇನ್ನೊಂದಕ್ಕೆ ಏಕಾದಶಿ. ಮೊದಲು ಹತ್ತಿಪ್ಪತ್ತು ಕೆಜಿ ತೌಡಿನಲ್ಲಿ ಕಲಸಿಕೊಳ್ಳಬೇಕು. ಬಿಸಿ ಆವಿಯಲ್ಲಿ ಗುಳಿಗೆ ಮಾಡಿದ ಮೇವಿನಲ್ಲಿ ಸಾಧಾರಣ ಕಿಣ್ವ ಕೆಟ್ಟುಹೋಗುತ್ತದೆ. ಈ ಕಡೆ ಮೊಟ್ಟೆಕೋಳಿಗೆ ಹಾಕುವುದು ಬಹುತೇಕ ಪುಡಿಮೇವು, ಅದೊಂದು ಪುಣ್ಯ. ತಗಡಿನ ಶೆಡ್ಡಿನಲ್ಲಿ ಬೇಸಿಗೆಯಿಡೀ ಬಿದ್ದಿದ್ದ ಪೊಟ್ಟಣ ಮಾತ್ರ ದಂಡ.

‘ಹಾಕ್ನೋಡಿ ಸಾರ್, ಸಿಪ್ಪೆ ಕಲ್ಲಾಗುತ್ತೆ’ ಎನ್ನುವ ಮಾರಾಟದವರ ಮಾತನ್ನು ಅರ್ಧ ನಂಬಿದರೆ ಸಾಕು. ಏಪ್ರಿಲ್ ಬಿಸಿಲಿಗೆ ಕೋಳಿ ಏದುಸಿರು ಬಿಟ್ಟರೆ ಚಿಪ್ಪು ತೆಳುವಾಗುತ್ತದೆ; ವಯಸ್ಸಾದ ಕೋಳಿಯ ಮೊಟ್ಟೆ ದೊಡ್ಡದು, ಚಿಪ್ಪಿನ ಸುಣ್ಣ ಅಷ್ಟೇ. ಇದಕ್ಕೆ ಯಾವ ಕಿಣ್ವವೂ ಮದ್ದಲ್ಲ. ಪುಡಿ ಕೊಳ್ಳುವ ಮುನ್ನ ಪಶುವೈದ್ಯರನ್ನು ಕೇಳುವುದು ಮೇಲು. ಇಂಥ ಲೆಕ್ಕಕ್ಕೆಂದೇ 1995ರಲ್ಲಿ ಹುಟ್ಟಿದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲೇ ಇದೆ. ಅಲ್ಲಿನ ತಿಳಿವಳಿಕೆ ಒಂದು ಪುಟದ ಕನ್ನಡ ಪಟ್ಟಿಯಾಗಿ ಹೋಬಳಿಯ ಪಶು ಆಸ್ಪತ್ರೆ ಗೋಡೆಗೆ ಬರಲಿ.

ಇನ್ನು ಖರ್ಚಿಲ್ಲದ ಒಂದು ಉಪಾಯ. ಚಿಪ್ಪು ಕಟ್ಟುವ ಕೆಲಸ ಸುಮಾರು 20 ಗಂಟೆಯದು, ಹೆಚ್ಚಿನದು ನಡೆಯುವುದು ರಾತ್ರಿ. ಅದಕ್ಕೇ ದಪ್ಪ ಕಪ್ಪೆಚಿಪ್ಪಿನ ನುಚ್ಚನ್ನು ಬೆಳಿಗ್ಗೆಯ ಬದಲು ಸಂಜೆ ಹಾಕಬೇಕು.