ಬೆವರುವ ನೆಲಕ್ಕೆ ಕಾಂಕ್ರೀಟಿನ ಹೊಳಪು

ಆಟಿ ತಿಂಗಳಲ್ಲಿ ಕರಾವಳಿಯ ಮನೆಗಳ ನೆಲ ಬೆವರುತ್ತದೆ. ಬಾಗಿಲು ತೆರೆದಿಟ್ಟ ಚಾವಡಿಯ ಟೈಲ್ಸ್ ಮೇಲೆ ಪಾದದ ಗುರುತು ಮೂಡುವಷ್ಟು ಪಸೆ ನಿಲ್ಲುತ್ತದೆ. ವಯಸ್ಸಾದವರು ಜಾರಿ ಬೀಳುವುದೂ ಆಗಲೇ. ನೆಲದಡಿಯಿಂದ ನೀರು ಏಳುತ್ತಿದೆ ಎಂದುಕೊಂಡು ಮನೆಯವರು ಮೇಸ್ತ್ರಿಯನ್ನು ಬೈಯುವುದುಂಟು. ಎಷ್ಟೋ ಸಲ ಆ ನೀರು ಬಂದಿರುವುದು ಕೆಳಗಿನಿಂದಲ್ಲ, ಗಾಳಿಯಿಂದ. ಹೊರಗಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ 90 ಇದ್ದಾಗ ನೆಲ 26 ಡಿಗ್ರಿಗೆ ಇಳಿದಿದ್ದರೆ ಸಾಕು, ಅದನ್ನು ಮುಟ್ಟಿದ ಆವಿ ಅಲ್ಲೇ ಹನಿಯಾಗುತ್ತದೆ. ಮಣ್ಣಿನಿಂದ ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ಏರಿ ಬರುವ ತೇವ ಬೇರೆಯದೇ. ಮಂಗಳೂರು, ಉಡುಪಿ, ಕಾರವಾರದ ಸೀಮೆಯಲ್ಲಿ ಯಾವುದೇ ನೆಲ ಈ ಎರಡೂ ನೀರಿಗೆ ಉತ್ತರ ಹೇಳಬೇಕು. ಕೆಫೆ, ಷೋರೂಂ, ಗೋದಾಮುಗಳಿಂದ ಈಗ ಮನೆಯೊಳಕ್ಕೂ ಬರುತ್ತಿರುವ ಪಾಲಿಶ್ಡ್ ಕಾಂಕ್ರೀಟ್ ನೆಲವನ್ನು ಅಳೆಯಬೇಕಾದದ್ದು ಇದೇ ಮಾನದಂಡದಿಂದ. ಈ ಹವೆಗೆ ಅದು ಹೊಂದುತ್ತದೆ ಎಂಬುದು ನನ್ನ ವಾದ. ಆದರೆ ಮಾರುವವರು ಮುಂದಿಡುವ ಕನ್ನಡಿಯಂಥ ಹೊಳಪು ಅದಕ್ಕೆ ಕಾರಣವಲ್ಲ. ನಿಜ ಹೇಳಬೇಕೆಂದರೆ, ನಮ್ಮಲ್ಲಿ ಆ ಹೊಳಪೇ ಅದರ ದುರ್ಬಲ ಭಾಗ.

ಈ ನೆಲದ ವಿಶೇಷವೆಂದರೆ ಮೇಲೆ ಹಾಸಿದ್ದು, ಅಂಟಿಸಿದ್ದು, ಬಳಿದದ್ದು ಏನೂ ಇರುವುದಿಲ್ಲ. ಹಾಕಿದ ಕಾಂಕ್ರೀಟನ್ನೇ ವಜ್ರದ ಹರಳು ಕೂರಿಸಿದ ಬಿಲ್ಲೆಗಳ ಯಂತ್ರದಿಂದ ಉಜ್ಜುತ್ತಾರೆ. ಮೊದಲು 30, 40ರ ಒರಟು ಬಿಲ್ಲೆ, ಆಮೇಲೆ 80, 150, ಮುಂದೆ 200, 400, 800, ಬೇಕೆಂದವರಿಗೆ 3000ದವರೆಗೂ. ಅಂಕಿ ಏರಿದಂತೆ ಬಿಲ್ಲೆ ನಯವಾಗುತ್ತದೆ, ನೆಲದ ಮೇಲಿನ ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗುತ್ತವೆ. ನಡುವೆ ಒಂದು ಹಂತದಲ್ಲಿ ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟಿನ ದ್ರಾವಣ ಕುಡಿಸುತ್ತಾರೆ. ಸಿಮೆಂಟು ಗಟ್ಟಿಯಾಗುವಾಗ ಉಳಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಜೊತೆ ಅದು ಸೇರಿ, ಸಿಮೆಂಟಿಗೆ ಬಲ ಕೊಡುವ ಬಂಧಕ ವಸ್ತುವನ್ನೇ ರಂಧ್ರಗಳೊಳಗೆ ಇನ್ನಷ್ಟು ಬೆಳೆಸುತ್ತದೆ. ಹೀಗೆ ಬಿಗಿಯಾದ ಮೇಲ್ಮೈ ಮಾತ್ರ ನಯವಾದ ಬಿಲ್ಲೆಯಿಂದ ಹೊಳಪು ಪಡೆಯಬಲ್ಲದು. ಕಡಿಮೆ ಉಜ್ಜಿದರೆ ಬೂದುಬಣ್ಣದ ಸಿಮೆಂಟು, ಸ್ವಲ್ಪ ಇಳಿದರೆ ಮರಳಿನ ಚುಕ್ಕೆ, ಇನ್ನೂ ಇಳಿದರೆ ಜಲ್ಲಿಯ ಮೈ ಕಾಣುತ್ತದೆ. ಮೊಸಾಯಿಕ್ ನೆಲವನ್ನು ಸಾಣೆಕಲ್ಲಿನ ಯಂತ್ರದಿಂದ ನೀರು ಹರಿಸುತ್ತ ಉಜ್ಜುತ್ತಿದ್ದ ದಿನಗಳನ್ನು ಬಲ್ಲ ಊರಿಗೆ ಇದು ತೀರಾ ಹೊಸ ವಿದ್ಯೆಯೇನಲ್ಲ. ಕೆಂಪು ಗಾರೆಯ ರೆಡ್ ಆಕ್ಸೈಡ್ ನೆಲವೂ ಇದರ ಹತ್ತಿರದ ನಂಟ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿ, ಹದ ನೋಡಿ ಕರಣೆಯಿಂದ ತೀಡಿ ತೀಡಿ ಬರಿಸಿದ ನಯ ಅದು. ಅಲ್ಲಿ ಕೆಲಸ ಮಾಡಿದ್ದು ಕೈಯ ಒತ್ತಡ, ಇಲ್ಲಿ ವಜ್ರ. ಎರಡರಲ್ಲೂ ಹೊಳಪು ಸಿಮೆಂಟಿನ ಮೈಯಿಂದಲೇ ಬರುತ್ತದೆ.

ಮೇಲೆ ಪೊರೆ ಇಲ್ಲದಿರುವುದೇ ತೇವದ ಊರಿನಲ್ಲಿ ಇದರ ದೊಡ್ಡ ಗುಣ. ಎಪಾಕ್ಸಿ ಬಳಿದ ನೆಲಕ್ಕೆ ಮಣ್ಣಿನಿಂದ ಆವಿ ಏರಿ ಬಂದಾಗ ಹೊರಹೋಗಲು ದಾರಿಯಿಲ್ಲ. ಅದು ಪೊರೆಯಡಿ ಒತ್ತಿ ಗುಳ್ಳೆ ಎಬ್ಬಿಸುತ್ತದೆ, ಆ ಗುಳ್ಳೆ ಒಡೆದು ಚಕ್ಕೆ ಏಳುತ್ತದೆ. ಮರದ ಪುಡಿಯಿಂದ ಒತ್ತಿದ ಲ್ಯಾಮಿನೇಟ್ ಹಲಗೆ ಉಬ್ಬಿ ಅಂಚು ಮೇಲೇಳುತ್ತದೆ. ವಿಟ್ರಿಫೈಡ್ ಟೈಲ್ಸ್ ಸ್ವತಃ ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ, ಆ ಮಟ್ಟಿಗೆ ಅದು ಗಟ್ಟಿಗ. ಆದರೆ ಟೈಲ್ಸಿನ ನೆಲವೆಂದರೆ ಬರೀ ಟೈಲ್ಸಲ್ಲ, ನೂರಾರು ಸಂದುಗಳೂ ಹೌದು. ಮಳೆಗಾಲದಲ್ಲಿ ಬೂಷ್ಟು ಕೂರುವುದು ಆ ಸಂದುಗಳಲ್ಲಿ. ಅಡಿಯ ಗಾರೆ ಸರಿಯಾಗಿ ತುಂಬದಿದ್ದಲ್ಲಿ ಟೊಳ್ಳು ಸದ್ದು ಬರುತ್ತದೆ, ಒಂದು ದಿನ ಸಾಲು ಸಾಲೇ ಮೇಲೆದ್ದು ನಿಲ್ಲುವುದೂ ಇದೆ. ಸಿಲಿಕೇಟು ಕುಡಿದ ಕಾಂಕ್ರೀಟು ದ್ರವವನ್ನು ತಡೆದು ನಿಧಾನಿಸುತ್ತದೆ, ಆವಿಯನ್ನು ಮಾತ್ರ ಪೂರ್ತಿ ಕಟ್ಟಿಹಾಕುವುದಿಲ್ಲ. ಕಳಚಿಕೊಳ್ಳಲು ಪದರವೇ ಇಲ್ಲದ್ದರಿಂದ ಕಳಚುವ ಮಾತೂ ಇಲ್ಲ.

ಹಾಗಾದರೆ ಅದು ಬೆವರುವುದಿಲ್ಲವೇ ಎಂದು ಕೇಳಿದರೆ, ಬೆವರುತ್ತದೆ. ತಣ್ಣಗಿರುವ ದಪ್ಪ ಕಾಂಕ್ರೀಟಿಗೆ ಇಬ್ಬನಿಯ ನಿಯಮದಿಂದ ವಿನಾಯಿತಿ ಯಾರೂ ಕೊಟ್ಟಿಲ್ಲ. ಏಸಿ ಹಾಕಿದ ಅಂಗಡಿಯಲ್ಲಂತೂ ಗಿರಾಕಿ ಬಾಗಿಲು ತೆರೆದಾಗಲೆಲ್ಲ ಹೊಸ್ತಿಲಿನ ಒಳಬದಿ ತೇವವಾಗುತ್ತದೆ. ಇಲ್ಲಿಯೇ 1500, 3000ದ ಹೊಳಪಿನ ಹಠ ಅಪಾಯಕ್ಕೆ ಒಯ್ಯುವುದು. ಒಣಗಿದ್ದಾಗ ಒಳ್ಳೆಯ ಹಿಡಿತ ಕೊಡುವ ನೆಲ, ನೀರಿನ ತೆಳು ಪದರ ಕೂತೊಡನೆ ಬೇರೆಯೇ ಆಗುತ್ತದೆ. ಉಜ್ಜುವುದನ್ನು 400ಕ್ಕೆ ನಿಲ್ಲಿಸಿದರೆ ಸಾಟಿನ್ ಬಟ್ಟೆಯ ಮಂದ ಕಾಂತಿ ಸಿಗುತ್ತದೆ, ಪಾದಕ್ಕೆ ಹಿಡಿತವೂ ಉಳಿಯುತ್ತದೆ. ಜಗಲಿ, ಹೊರಗಿನ ಮೆಟ್ಟಿಲು, ಬಚ್ಚಲುಮನೆಗೆ ಅಷ್ಟೂ ಬೇಡ. ಅಲ್ಲಿ ಒರಟು ಮೈಯೇ ಸರಿ. ಮಳೆಯ ದಿನ ಕಿಟಕಿ ತೆರೆದಿಟ್ಟರೆ ನೆಲ ಒಣಗುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ತಿದ್ದಬೇಕು. ಹೊರಗಿನ ಗಾಳಿ ನೆಲಕ್ಕಿಂತ ಬೆಚ್ಚಗೆ, ಆವಿ ತುಂಬಿಕೊಂಡಿದ್ದಾಗ ತೆರೆದ ಕಿಟಕಿ ನೀರನ್ನು ಒಳಕ್ಕೆ ಕರೆದಂತೆಯೇ. ಅಂಥ ಹೊತ್ತಿನಲ್ಲಿ ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ತಿರುಗಿಸುವುದು ಮೇಲು. ಫ್ಯಾನಿನ ಗಾಳಿ ನೆಲದ ಮೈಯನ್ನು ಕೋಣೆಯ ಉಷ್ಣತೆಗೆ ಹತ್ತಿರ ತರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಉಪ್ಪಿನದು. ಆವಿಗೆ ದಾರಿ ಕೊಡುವ ನೆಲ ಉಪ್ಪಿಗೂ ದಾರಿ ಕೊಡುತ್ತದೆ. ಕೆಳಗಿನಿಂದ ಏರುವ ನೀರು ಮಣ್ಣಿನ, ಮರಳಿನ, ಸಿಮೆಂಟಿನ ಲವಣಗಳನ್ನು ಕರಗಿಸಿ ತಂದು, ಮೇಲೆ ಆರಿದಾಗ ಬಿಳಿ ಪುಡಿಯಾಗಿ ಬಿಟ್ಟುಹೋಗುತ್ತದೆ. ತೊಳೆಯದ ಉಪ್ಪುಮರಳು ಬಳಸಿದ ಕಡೆ ಇದರ ಕಾಟ ಹೆಚ್ಚು. ಯಾವ ಬಿಲ್ಲೆಯಿಂದ ಉಜ್ಜಿದರೂ ಈ ಕಲೆ ಹೋಗದು, ಹೋದರೂ ಮುಂದಿನ ಮಳೆಗಾಲಕ್ಕೆ ಹಾಜರು. ಅದನ್ನು ತಡೆಯಬೇಕಾದದ್ದು ನೆಲದಡಿ. ಎತ್ತರಿಸಿದ ಪಾಯ, ಅದರ ಮೇಲೆ ಪುಡಿಯಿಲ್ಲದ ದಪ್ಪ ಜಲ್ಲಿಯ ಹಾಸು, ಹಾಸಿನ ಮೇಲೆ ಹರಿಯದ ದಪ್ಪ ಪಾಲಿಥೀನ್ ಹಾಳೆ, ಆಮೇಲೆ ಕಾಂಕ್ರೀಟು. ಜಲ್ಲಿಯ ನಡುವಿನ ಖಾಲಿ ಜಾಗ ನೀರು ಎಳೆದುಕೊಳ್ಳುವ ಸಣ್ಣ ರಂಧ್ರಗಳ ಸರಣಿಯನ್ನು ತುಂಡರಿಸುತ್ತದೆ. ಉಳಿದ ಆವಿಗೆ ಹಾಳೆ ಅಡ್ಡಬರುತ್ತದೆ. ಮುರಕಲ್ಲಿನ ಎತ್ತರದ ಪಾಯದ ಮೇಲೆ ಮನೆ ಕೂರಿಸುತ್ತಿದ್ದ ಹಳೆಯ ಕರಾವಳಿಗರಿಗೆ ಈ ಲೆಕ್ಕ ಗೊತ್ತಿತ್ತು. ಆಗಲೇ ಇರುವ ಕಾಂಕ್ರೀಟಿನ ಮೇಲೆ ಕೆಲಸ ಮಾಡಿಸುವವರಿಗೆ ಒಂದು ಅಗ್ಗದ ಪರೀಕ್ಷೆಯಿದೆ. ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಬಿಗಿದು 16 ಗಂಟೆ ಬಿಡುವುದು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟು ಕಪ್ಪಾದರೆ ತೇವ ಕೆಳಗಿನದು. ಈ ಪರೀಕ್ಷೆಯನ್ನು ಮಾರ್ಚಿನಲ್ಲಿ ಮಾಡಿ ಸಮಾಧಾನ ಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಅಂತರ್ಜಲ ಮೇಲೆ ಬಂದಿರುವ ಆಗಸ್ಟಿನಲ್ಲಿ ಮಾಡಬೇಕು.

ಬಿರುಕಿನ ಬಗ್ಗೆ ಮಾರಾಟಗಾರರು ಮಾತು ತೇಲಿಸುತ್ತಾರೆ. ಕಾಂಕ್ರೀಟು ಒಣಗುತ್ತ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಅದು ಎಲ್ಲಿ ಬಿರಿಯಬೇಕು ಎಂಬುದನ್ನಷ್ಟೇ ನಾವು ಹೇಳಬಹುದು. ನಾಲ್ಕು ಇಂಚಿನ ಕಾಂಕ್ರೀಟಿಗೆ ಎಂಟು ಹತ್ತು ಅಡಿಗೊಂದರಂತೆ, ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಗೆರೆ ಕೊಯ್ದರೆ ಹೆಚ್ಚಿನ ಬಿರುಕು ಆ ಗೆರೆಯೊಳಗೇ ಅಡಗುತ್ತದೆ. ಇಲ್ಲಿ ತೇವದ ಹವೆ ಸಹಾಯಕ್ಕೂ ಬರುತ್ತದೆ. ಬಿರುಬಿಸಿಲಿನ ಒಣ ಊರಿನಲ್ಲಿ ಹಸಿ ಕಾಂಕ್ರೀಟಿನ ನೀರು ಗಂಟೆಗಳಲ್ಲೇ ಹಾರಿ ಮೇಲ್ಮೈ ಸೀಳುತ್ತದೆ. ತೇವದ ಗಾಳಿಯಲ್ಲಿ ಆ ಅವಸರವಿಲ್ಲ. ಅದಕ್ಕೆ ತೆರುವ ಬೆಲೆ ಕಾಯುವುದು. ಉಜ್ಜುವ ಮೊದಲು ಸಾಮಾನ್ಯವಾಗಿ 28 ದಿನ ಬಿಡಬೇಕು, ಒಳಗಿನ ನೀರು ಆರಲು ಅದಕ್ಕಿಂತ ಎಷ್ಟೋ ಹೆಚ್ಚು ದಿನ ಬೇಕು.

ಅಡುಗೆಮನೆಗೆ ನಾನು ಇದನ್ನು ಒತ್ತಾಯಿಸಲಾರೆ. ಹುಣಸೆ, ನಿಂಬೆ, ಪುನರ್ಪುಳಿಯ ಹುಳಿ ಸಿಮೆಂಟನ್ನು ಕೊರೆದು ಹೊಳಪು ತೆಗೆಯುತ್ತದೆ. ಹರಿಶಿನ, ತೆಂಗಿನೆಣ್ಣೆ, ಅಡಿಕೆಯ ಚೊಗರು ಒಳಗಿಳಿದರೆ ಸುಲಭಕ್ಕೆ ಬಿಡವು. ಕಲೆ ತಡೆಯುವ ದ್ರಾವಣಗಳಿವೆ, ಅವು ಒರೆಸಲು ಒಂದಿಷ್ಟು ಹೊತ್ತು ಕೊಡುತ್ತವೆ, ಅಷ್ಟೇ. ಬಚ್ಚಲು ತೊಳೆಯುವ ಆ್ಯಸಿಡ್ ಒಮ್ಮೆ ಬಿದ್ದರೂ ಗುರುತು ಖಾಯಂ. ಇನ್ನು ಅಗ್ಗವೆಂಬ ಮಾತು ಹೊಸ ಕಟ್ಟಡಕ್ಕೆ ಮಾತ್ರ ಒಪ್ಪಬಹುದಾದದ್ದು. ಅಲ್ಲಿ ತಳದ ಕಾಂಕ್ರೀಟೇ ನೆಲವಾಗುವುದರಿಂದ ಟೈಲ್ಸು, ಗಾರೆ ಎರಡರ ಖರ್ಚೂ ಉಳಿಯುತ್ತದೆ. ಹಳೆಯ ಟೈಲ್ಸ್ ಕಿತ್ತು, ಎರಡು ಇಂಚು ಹೊಸ ಕಾಂಕ್ರೀಟು ಹಾಕಿ, ಆಮೇಲೆ ಉಜ್ಜಿಸುವವರಿಗೆ ಆ ಉಳಿತಾಯದ ಕನಸು ಬೇಡ.

ಕೆಡುವುದು ಹೆಚ್ಚಾಗಿ ಗುತ್ತಿಗೆಯ ವ್ಯವಸ್ಥೆಯಲ್ಲಿ. ಕಾಂಕ್ರೀಟು ಹಾಕುವ ತಂಡ ಬೇರೆ, ತಿಂಗಳುಗಳ ಬಳಿಕ ಯಂತ್ರ ತರುವ ತಂಡ ಬೇರೆ. ಮೇಲೆ ಟೈಲ್ಸ್ ಬರುತ್ತದೆ ಎಂದುಕೊಂಡ ಮೊದಲ ತಂಡ ಮಟ್ಟ ಸರಿಯಾಗಿ ನೋಡುವುದಿಲ್ಲ, ಬೇಗ ಹರಿಯಲೆಂದು ನೀರು ಜಾಸ್ತಿ ಬೆರೆಸುತ್ತದೆ. ನೀರು ಹೆಚ್ಚಾದ ಕಾಂಕ್ರೀಟಿನ ಮೇಲ್ಪದರ ಮೆತ್ತಗೆ. ವಜ್ರ ಅದನ್ನು ಕೀಳುತ್ತದೆಯೇ ಹೊರತು ಹೊಳೆಯಿಸುವುದಿಲ್ಲ. ಆದ್ದರಿಂದ ಎಂ25 ದರ್ಜೆಗೆ ಕಡಿಮೆಯಿಲ್ಲದ ಕಾಂಕ್ರೀಟು, ಹಾಳೆ, ಗೆರೆ, ಎಷ್ಟನೆಯ ಬಿಲ್ಲೆಗೆ ನಿಲ್ಲಿಸಬೇಕೆಂಬುದು, ಇವೆಲ್ಲ ಕಾಂಕ್ರೀಟು ಹಾಕುವ ಮೊದಲೇ ಒಂದೇ ಕಾಗದದಲ್ಲಿ ಇರಬೇಕು. ನೀರಿಲ್ಲದೆ ಉಜ್ಜುವಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುವಂಥದು. ನೀರು ಹಾಯಿಸಿಯೋ ಧೂಳೆಳೆಯುವ ಯಂತ್ರ ಜೋಡಿಸಿಯೋ ಉಜ್ಜಬೇಕೆಂಬ ಷರತ್ತೂ ಅದೇ ಕಾಗದಕ್ಕೆ ಸೇರಬೇಕು. ಮನೆಯ ಮೂಲೆಯಲ್ಲಿ, ಮುಂದೆ ಕಪಾಟು ಬರುವ ಜಾಗದಲ್ಲಿ, ಮೂರಡಿ ಚದರದ ಒಂದು ಮಾದರಿ ಉಜ್ಜಿಸಿ, ಅದರ ಮೇಲೆ ನೀರು ಚೆಲ್ಲಿ ಬರಿಗಾಲಲ್ಲಿ ನಡೆದು ನೋಡಿದ ಮೇಲೆ ಉಳಿದ ನೆಲಕ್ಕೆ ಒಪ್ಪಿಗೆ ಕೊಡುವುದು ಕ್ಷೇಮ.