ಹೊಟ್ಟೆಯೂ ಒಂದು ಅಮಾನತ್ತು



ನಮ್ಮ ಶರೀರ ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್ತು. ಅದನ್ನು ಹೇಗೆ ನೋಡಿಕೊಂಡೆವೆಂದು ನಾಳೆ ಅವನ ಮುಂದೆ ಲೆಕ್ಕ ಕೊಡಬೇಕಿದೆ. ಆದ್ದರಿಂದ ಈ ಜುಮಾದಲ್ಲಿ ನಾವು ಮನೆಮನೆಗೂ ಹೊಕ್ಕಿರುವ ಒಂದು ಅಭ್ಯಾಸದ ಬಗ್ಗೆ ಮಾತಾಡಿದೆವು: ಬೆಳಗೆದ್ದರೆ ಒಂದು ಗ್ಯಾಸ್ ಮಾತ್ರೆ.

ಕೋಲಾರದ ಟೊಮೆಟೊ ಮಂಡಿಯ ಹಮಾಲರು, ಮಾಲೂರಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಶ್ರೀನಿವಾಸಪುರದ ಮಾವಿನ ವ್ಯಾಪಾರಿಗಳು, ಮುಳಬಾಗಿಲು ಹೆದ್ದಾರಿಯ ಲಾರಿ ಚಾಲಕರು ಹೊತ್ತಿಗೆ ಸರಿಯಾಗಿ ಉಣ್ಣುವುದು ಕಷ್ಟ. ಎದೆ ಉರಿದರೆ ಮೆಡಿಕಲ್ ಅಂಗಡಿಯಿಂದ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ತರುತ್ತಾರೆ. ವಾರಕ್ಕೆಂದು ಶುರುವಾದದ್ದು ವರ್ಷಗಟ್ಟಲೆ ನಡೆಯುತ್ತದೆ.

ಈ ಮಾತ್ರೆ ಕೆಟ್ಟದ್ದಲ್ಲ. ಹೊಟ್ಟೆಯ ಹುಣ್ಣಿಗೆ, ರಕ್ತಸ್ರಾವ ತಡೆಯಲು ಇದು ಬೇಕು. ಆದರೆ ಸಾಮಾನ್ಯ ಎದೆಯುರಿಗೆ ವೈದ್ಯರು ಬರೆಯುವುದು 4ರಿಂದ 8 ವಾರಗಳಿಗೆ ಮಾತ್ರ. ಹೊಟ್ಟೆಯ ಆಮ್ಲ ಊಟದೊಡನೆ ಬರುವ ರೋಗಾಣುಗಳನ್ನು ಕೊಲ್ಲುತ್ತದೆ, ಆಹಾರದಿಂದ ಬಿ12 ಜೀವಸತ್ವವನ್ನು ಬಿಡಿಸಿಕೊಡುತ್ತದೆ. ವರ್ಷಗಟ್ಟಲೆ ಅದನ್ನು ತಗ್ಗಿಸಿದರೆ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಿ ಸುಸ್ತು, ಕೈಕಾಲು ಜೋಮು ಬರಬಹುದು. ಕರುಳಿನ ಸೋಂಕು, ಮೂಳೆ ಮುರಿತದ ಅಪಾಯವೂ ಹೆಚ್ಚಬಹುದು. ಈ ಮಾತ್ರೆಗಳಿಂದ ಮೂತ್ರಪಿಂಡಕ್ಕೆ ದಿಢೀರ್ ಹಾನಿಯಾಗಬಹುದೆಂದು ಔಷಧದ ಜೊತೆಗಿನ ಚೀಟಿಯಲ್ಲಿ ಮುದ್ರಿಸುವಂತೆ ಕೇಂದ್ರದ ಔಷಧ ನಿಯಂತ್ರಕರು 2019ರಲ್ಲಿ ಸೂಚಿಸಿದ್ದಾರೆ.

ಬಹಳ ದಿನ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವು ವಾರ ಉರಿ ಇನ್ನೂ ಜೋರಾಗುವುದುಂಟು. ಆಗ ಮಾತ್ರೆಯಿಲ್ಲದೆ ಬದುಕೇ ಇಲ್ಲ ಎನಿಸುತ್ತದೆ. ಆದ್ದರಿಂದ ವೈದ್ಯರನ್ನು ಕೇಳಿ ಮೆಲ್ಲಗೆ ಕಡಿಮೆ ಮಾಡಿ. ಹುಣ್ಣು ಇರುವವರು, ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬೇಡಿ.

ಹೊಟ್ಟೆಯ ಮೂರರಲ್ಲಿ ಒಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಇರಲೆಂದು ಪ್ರವಾದಿ(ಸ) ಕಲಿಸಿದರು. ನಾವೋ ವಲೀಮಾದ ಬಿರಿಯಾನಿ ಕಂಠಮಟ್ಟ ಉಂಡು ನೇರ ಹಾಸಿಗೆಗೆ ಹೋಗುತ್ತೇವೆ. ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸೋಣ. ಬೀಡಿ, ಗುಟ್ಕಾ ಬಿಡೋಣ. ಮೈಕೈ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗುವುದು ಬೇಡ.

ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ, ತೂಕ ಇಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎದೆ ಬಿಗಿದು ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದುಕೊಂಡು ಕಾಯಬೇಡಿ, 108ಕ್ಕೆ ಕರೆ ಮಾಡಿ, ಅದು ಹೃದಯಾಘಾತವಿರಬಹುದು.

ಈ ವಾರ ಮನೆಯ ಹಿರಿಯರು ಯಾವ ಮಾತ್ರೆ, ಎಷ್ಟು ಕಾಲದಿಂದ ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿ. ಆ ಮಾತ್ರೆಗಳ ಸಮೇತ ಅವರನ್ನು ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಗೋ ಕರೆದೊಯ್ಯಿರಿ.

ಅಮಾನತ್ತನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.